ಹೆಸರನ್ನೋದುವ ಯಂತ್ರವು ಊಹಿಸಬಹುದೆ?

ಒಂದು ಮನೆಯಿಂದ ದಿನಸಿ ಅಂಗಡಿಗೆ ಚೀಟಿ ಹೋಗುತ್ತದೆ: “ಅಕ್ಕಿ ಹತ್ತು ಕಿಲೋ, ಹಳೆಯದು, ಬೇಳೆ ಎರಡು, ಹೋದ ಸಲದ್ದೇ.” ಯಾವ ಅಕ್ಕಿ, ಎಷ್ಟು ಹಳೆಯದು, ಬೇಳೆ ತೊಗರಿಯದೋ ಕಡಲೆಯದೋ, ಎರಡು ಎಂದರೆ ಎರಡು ಕಿಲೋವೋ ಎರಡು ಪೊಟ್ಟಣವೋ, ಒಂದೂ ಸ್ಪಷ್ಟವಾಗಿಲ್ಲ. ಆದರೂ ಸಾಮಾನು ಸರಿಯಾಗಿಯೇ ಮನೆಗೆ ಬರುತ್ತದೆ. ಅಂಗಡಿಯವನು ಆ ಮನೆಯನ್ನು ಬಲ್ಲನಾದ್ದರಿಂದ ಚೀಟಿಯಲ್ಲಿ ಇಲ್ಲದುದನ್ನು ತನ್ನ ನೆನಪಿನಿಂದ ತುಂಬಿಕೊಳ್ಳುತ್ತಾನೆ. ತೀರ ಸಂಶಯ ಬಂದರೆ ಚೀಟಿ ತಂದ ಹುಡುಗನನ್ನೇ ಕೇಳುತ್ತಾನೆ.

ಗಣಕಯಂತ್ರಗಳಿಗೆ ತಂತ್ರಾಂಶವನ್ನು ರಚಿಸುವವರೂ ದಿನನಿತ್ಯ ಇಂಥ ಚೀಟಿಗಳನ್ನು ಬರೆಯುತ್ತಾರೆಂಬುದು ನಮ್ಮ ವಾಚಕರಲ್ಲಿ ಅನೇಕರಿಗೆ ತಿಳಿದಿರಲಾರದು. ಈಗ ಬಳಕೆಯಲ್ಲಿರುವ ತಂತ್ರಾಂಶಗಳಲ್ಲಿ ಒಬ್ಬನೇ ಕುಳಿತು ಆದ್ಯಂತವಾಗಿ ಬರೆದುದು ಸಿಕ್ಕುವುದು ದುರ್ಲಭ. ಬ್ಯಾಂಕಿನ ಲೆಕ್ಕಕ್ಕಾಗಲಿ, ಆಸ್ಪತ್ರೆಯ ದಾಖಲೆಗಾಗಲಿ ರಚಿತವಾದ ತಂತ್ರಾಂಶದ ಒಡಲಲ್ಲಿ, ಯಾವ ಯಾವ ದೇಶದವರೋ ಬರೆದಿಟ್ಟ ನೂರಾರು ಸಿದ್ಧ ಭಾಗಗಳು ಸೇರಿರುತ್ತವೆ. ಒಂದು ಭಾಗವು ದಿನಾಂಕಗಳನ್ನು ಎಣಿಸಿದರೆ ಇನ್ನೊಂದು ಚಿತ್ರಗಳನ್ನು ಕುಗ್ಗಿಸುತ್ತದೆ, ಮತ್ತೊಂದು ಜಾಲದ ಮೇಲೆ ಸಂದೇಶವನ್ನು ಒಯ್ಯುತ್ತದೆ. ಹೀಗೆ ಕಟ್ಟಿಟ್ಟ ಸಿದ್ಧ ಭಾಗಕ್ಕೆ ಪ್ಯಾಕೇಜು ಎಂದು ಹೆಸರು. ಬೇಕಾದ ಪ್ಯಾಕೇಜನ್ನು ಜಾಲದ ಉಗ್ರಾಣದಿಂದ ತರಿಸಿ, ಅದು ಅವಲಂಬಿಸಿರುವ ಬೇರೆ ಪ್ಯಾಕೇಜುಗಳನ್ನೂ ಹುಡುಕಿ ತರಿಸಿ, ತಕ್ಕ ಸ್ಥಾನದಲ್ಲಿ ಇರಿಸುವ ಕಾರ್ಯವನ್ನು ಪ್ಯಾಕೇಜ್ ಮ್ಯಾನೇಜರ್ ಎಂಬ ಇನ್ನೊಂದು ತಂತ್ರಾಂಶವು ನಿರ್ವಹಿಸುತ್ತದೆ. ಪೈಥಾನ್ ಭಾಷೆಗೆ ಪಿಪ್, ಜಾವಾಸ್ಕ್ರಿಪ್ಟಿಗೆ ಎನ್‌ಪಿಎಂ, ರಸ್ಟ್ ಭಾಷೆಗೆ ಕಾರ್ಗೋ, ಡೆಬಿಯನ್ ಮತ್ತು ಉಬುಂಟು ವ್ಯವಸ್ಥೆಗಳಿಗೆ ಆಪ್ಟ್, ಹೀಗೆ ಒಂದೊಂದು ಸಂಪ್ರದಾಯಕ್ಕೆ ಒಂದೊಂದು. ಇವಕ್ಕೆ ಕೊಡುವ ಚೀಟಿಯ ಪ್ರತಿಯೊಂದು ಸಾಲಿನಲ್ಲಿಯೂ ಮುಖ್ಯವಾಗಿ ಇರತಕ್ಕವು ಎರಡೇ ಸಂಗತಿಗಳು: ಪ್ಯಾಕೇಜಿನ ಹೆಸರು, ಮತ್ತು ಅದರ ಯಾವ ಯಾವ ಆವೃತ್ತಿಗಳು ಆಗಬಹುದೆಂಬ ನಿಬಂಧನೆ.

ಇಷ್ಟು ಚಿಕ್ಕ ಸಾಲನ್ನು ಓದುವುದರಲ್ಲಿ ಕಷ್ಟವೇನಿದೆ ಎಂದು ಕೇಳಬಹುದು. ಕಷ್ಟವಿಲ್ಲವೆಂಬ ಈ ನಂಬಿಕೆಯೇ ಅನೇಕ ಅನರ್ಥಗಳಿಗೆ ಎಡೆಮಾಡಿದೆ. ಅಂಗಡಿಯವನಿಗೆ ಶೋಭಿಸುವ ಊಹೆಯು ಈ ಯಂತ್ರಕ್ಕೆ ಶೋಭಿಸದು. ಪ್ರಕಟಿತವಾದ ವ್ಯಾಕರಣಕ್ಕೆ ಒಳಪಡದ ಸಾಲನ್ನು ಅದು ಹಿಂದಿರುಗಿಸಬೇಕೇ ಹೊರತು, ‘ಹೀಗಿರಬಹುದು’ ಎಂದುಕೊಂಡು ಮುಂದುವರಿಯತಕ್ಕದ್ದಲ್ಲ ಎಂಬುದು ನಮ್ಮ ಮತ. ಇದಕ್ಕೆ ವಿರುದ್ಧವಾದ ಮತವೂ ಬಲವಾಗಿಯೇ ಇದೆ. ಅದನ್ನು ಮುಂದೆ ಪರಿಶೀಲಿಸೋಣ.

ತೊಡಕಿನ ಮೊದಲ ಭಾಗವನ್ನು ಕನ್ನಡ ಬಲ್ಲವರಿಗೆ ವಿವರಿಸುವುದು ಸುಲಭ. ‘ಅವನಾನೆ’ ಎಂದು ಬರೆದಿದ್ದರೆ ‘ಅವನ ಆನೆ’ ಎಂದು ಬಿಡಿಸಬಹುದು. ‘ಅವ ನಾನೆ’ ಎಂದೂ ಬಿಡಿಸಬಹುದು. ಮೊದಲನೆಯದು ಒಂದು ಪ್ರಾಣಿಯ ಒಡೆತನದ ಮಾತು, ಎರಡನೆಯದು ಅದ್ವೈತ! ಹಿಂದುಮುಂದಿನ ಸಂದರ್ಭವನ್ನು ನೋಡಿ ನಾವು ಪದಚ್ಛೇದ ಮಾಡುತ್ತೇವೆ. ಪ್ಯಾಕೇಜ್ ಮ್ಯಾನೇಜರಿನ ಮುಂದೆ ಬರುವುದೂ ಹೀಗೆ ಕೂಡಿಕೊಂಡ ಅಕ್ಷರಗಳ ಸಾಲೇ. ಸಂದರ್ಭ ಮಾತ್ರ ಅಲ್ಲಿಲ್ಲ.

ಹೆಸರು, ನಡುವೆ ಒಂದು ಅಡ್ಡಗೆರೆ, ಅನಂತರ ಸಂಖ್ಯೆ, ಇದು ಕಡತಗಳಿಗೆ ಹೆಸರಿಡುವಲ್ಲಿ ಬಹುಕಾಲದಿಂದ ಬಂದಿರುವ ರೂಢಿ. ಆದರೆ ಹೆಸರಿನ ಒಳಗೂ ಅಡ್ಡಗೆರೆ ಬರಬಹುದು, ಅಂಕಿಯೂ ಬರಬಹುದು. ‘ಲೆಕ್ಕ-2-1.0’ ಎಂಬ ಒಂದು ಕಲ್ಪಿತ ಹೆಸರನ್ನು ತೆಗೆದುಕೊಳ್ಳೋಣ. ನಿಕ್ಸ್ ಎಂಬ ವ್ಯವಸ್ಥೆಯು ಎಡದಿಂದ ಓದುತ್ತ ಬಂದು, ಅಕ್ಷರವಲ್ಲದುದು ಹಿಂಬಾಲಿಸುವ ಮೊದಲ ಅಡ್ಡಗೆರೆಯಲ್ಲಿ ಹೆಸರು ಮುಗಿಯಿತೆಂದು ನಿರ್ಣಯಿಸುತ್ತದೆ. ಅದರ ಪ್ರಕಾರ ಹೆಸರು ‘ಲೆಕ್ಕ’, ಆವೃತ್ತಿ ‘2-1.0’. ರೆಡ್‌ಹ್ಯಾಟ್ ಸಂಪ್ರದಾಯದ ಆರ್‌ಪಿಎಂ ಪದ್ಧತಿಯಲ್ಲಿ ಬಲದಿಂದ ಓದಬೇಕು. ಅಲ್ಲಿ ಆವೃತ್ತಿಯಲ್ಲಾಗಲಿ ಬಿಡುಗಡೆಯ ಸಂಖ್ಯೆಯಲ್ಲಾಗಲಿ ಅಡ್ಡಗೆರೆಗೆ ಅವಕಾಶವಿಲ್ಲವಾದ್ದರಿಂದ, ಕೊನೆಯ ಎರಡು ಅಡ್ಡಗೆರೆಗಳೇ ಗಡಿಗಳು: ಹೆಸರು ‘ಲೆಕ್ಕ’, ಆವೃತ್ತಿ 2, ಬಿಡುಗಡೆ 1.0. ‘ಲೆಕ್ಕ-2’ ಎಂಬ ಪ್ಯಾಕೇಜನ್ನು ಬರೆದ ಪೈಥಾನ್ ಲೇಖಕನೋ, ತಾನು ಹೇಳಿದ್ದು ಅದರ 1.0 ಆವೃತ್ತಿಯನ್ನೇ ಎಂದು ಸಾಧಿಸುತ್ತಾನೆ. ಒಂದೇ ಸಾಲಿಗೆ ಮೂವರು ಭಾಷ್ಯಕಾರರು, ಮೂರು ಅರ್ಥ. ನಿಕ್ಸ್ ಮತ್ತು ಆರ್‌ಪಿಎಂಗಳನ್ನು ನಾವು ದೂರುವುದಿಲ್ಲ. ಅವು ತಮ್ಮ ನಿಯಮವನ್ನು ಬರೆದಿಟ್ಟಿವೆ. ಪೈಥಾನಿನವರು ಬಹುಕಾಲ ಮೂಲಕಡತಗಳ ಹೆಸರಿಗೆ ಇಂಥ ನಿಯಮವೇ ಇಲ್ಲದೆ ನಡೆದರು. ಓದುವ ತಂತ್ರಾಂಶಗಳು ಅಂದಾಜಿನಿಂದ ಹೆಸರನ್ನು ಕತ್ತರಿಸುತ್ತಿದ್ದುವು. ಹೆಸರಿನೊಳಗಿನ ಅಡ್ಡಗೆರೆಯನ್ನು ಅಡಿಗೆರೆಯಾಗಿ ಮಾರ್ಪಡಿಸಿಯೇ ಕಡತಕ್ಕೆ ಹೆಸರಿಡಬೇಕೆಂದು 625ನೆಯ ಪೆಪ್ ಎಂಬ ಪ್ರಸ್ತಾವವು ಗೊತ್ತುಮಾಡಿದ ಮೇಲೆ ಆ ಅಂದಾಜು ತಪ್ಪಿತು.

(ನಮ್ಮ ಜನರ ಹೆಸರುಗಳಿಗೂ ವಿದೇಶೀ ಅರ್ಜಿಗಳಲ್ಲಿ ಇದೇ ಪಾಡು. ಊರಿನ ಹೆಸರಿನ ಒಂದಕ್ಷರ, ತಂದೆಯ ಹೆಸರಿನ ಒಂದಕ್ಷರ, ಕೊನೆಗೆ ತನ್ನ ಹೆಸರು ಎಂದು ಬರೆಯುವ ಮೈಸೂರಿನವನಿಗೆ ಕುಲನಾಮವೆಲ್ಲಿ ಎಂದು ಅರ್ಜಿ ಕೇಳುತ್ತದೆ. ಅವನು ಏನನ್ನಾದರೂ ತುಂಬುತ್ತಾನೆ. ಆಮೇಲೆ ಜನ್ಮವೆಲ್ಲ ಎರಡು ಹೆಸರಿನ ಮನುಷ್ಯನಾಗಿ ಪ್ರಮಾಣಪತ್ರಗಳನ್ನು ಹೊತ್ತು ತಿರುಗುತ್ತಾನೆ.)

ಇನ್ನು ಆವೃತ್ತಿಯ ಸಂಖ್ಯೆ. ಇದನ್ನು ಸಂಖ್ಯೆ ಎಂದು ಕರೆಯುವುದೇ ಒಂದು ಉಪಚಾರ. ಹೊಲದ ಪಹಣಿಯನ್ನು ಕಂಡವರಿಗೆ 45/1 ಬೇರೆ, 45/10 ಬೇರೆ ಎಂಬುದನ್ನು ಹೇಳಬೇಕಾಗಿಲ್ಲ. ಮೊದಲನೆಯದು ಒಂದನೆಯ ಹಿಸ್ಸೆ, ಎರಡನೆಯದು ಹತ್ತನೆಯ ಹಿಸ್ಸೆ. ಆವೃತ್ತಿಯಲ್ಲಿನ ಚುಕ್ಕೆಯೂ ಇಂಥ ಗೆರೆಯೇ ಹೊರತು ದಶಮಾಂಶದ ಚುಕ್ಕೆಯಲ್ಲ. 3.9 ಆದ ಮೇಲೆ ಬರುವುದು 3.10. ಪೈಥಾನ್ ಭಾಷೆಯ 3.10 ಆವೃತ್ತಿ 2021ರ ಅಕ್ಟೋಬರಿನಲ್ಲಿ ಹೊರಬಂದಾಗ ಅನೇಕರು ಇದನ್ನು ಕಷ್ಟಪಟ್ಟು ಕಲಿತರು. ತಂತ್ರಾಂಶವನ್ನು ಪರೀಕ್ಷಿಸುವ ವ್ಯವಸ್ಥೆಗಳಿಗೆ ಆದೇಶಗಳನ್ನು ಯಾಮಲ್ ಎಂಬ ಪದ್ಧತಿಯಲ್ಲಿ ಬರೆಯುವುದುಂಟು. ಅಲ್ಲಿ ಉದ್ಧರಣ ಚಿಹ್ನೆಗಳಿಲ್ಲದೆ 3.10 ಎಂದು ಬರೆದರೆ ಯಂತ್ರವು ಅದನ್ನು ದಶಮಾಂಶವೆಂದು ತಿಳಿದು, ಕೊನೆಯ ಸೊನ್ನೆಗೆ ಬೆಲೆಯಿಲ್ಲವೆಂದು ತೆಗೆದುಹಾಕಿ, 2009ರ 3.1 ಆವೃತ್ತಿಯನ್ನು ಹುಡುಕಲು ಹೊರಡುತ್ತದೆ! ಆವೃತ್ತಿಯ ಮೊದಲ ಮೂರು ಅಕ್ಷರಗಳನ್ನು ಮಾತ್ರ ಕತ್ತರಿಸಿ ನೋಡುತ್ತಿದ್ದ ಹಳೆಯ ತಂತ್ರಾಂಶಗಳೂ ಅದೇ 3.1ಕ್ಕೆ ಬಂದು ತಲುಪಿದುವು. ಬರೆದವನು ಹೇಳಿದ್ದು ಸ್ಪಷ್ಟವಾಗಿಯೇ ಇತ್ತು. ಓದಿದವನು ತನಗೆ ಪರಿಚಿತವಾದ ಅರ್ಥವನ್ನು ಅದರ ಮೇಲೆ ಹೊರಿಸಿದನು.

ಇದಕ್ಕಿಂತ ವಿಷಮವಾದುದು ಚಿಹ್ನೆಗಳ ವಿಚಾರ. 1.0.0-1 ಎಂಬ ಆವೃತ್ತಿಯು 1.0.0ಕ್ಕಿಂತ ಹಳೆಯದೋ ಹೊಸದೋ? ಟಾಮ್ ಪ್ರೆಸ್ಟನ್-ವರ್ನರ್ ರೂಪಿಸಿದ, ಎನ್‌ಪಿಎಂ ಮತ್ತು ಕಾರ್ಗೋಗಳು ಅನುಸರಿಸುವ ಸೆಮ್ವರ್ ನಿಯಮದಂತೆ, ಅಡ್ಡಗೆರೆಯ ಮುಂದೆ ಬರುವುದು ಬಿಡುಗಡೆಗೆ ಮುಂಚಿನ ಕರಡನ್ನು ಸೂಚಿಸುತ್ತದೆ. ಆದ್ದರಿಂದ ಅದು ಹಳೆಯದು. ಪೈಥಾನಿನ 440ನೆಯ ಪೆಪ್ ಪ್ರಕಾರ ಅದೇ ಬರವಣಿಗೆಯು ಬಿಡುಗಡೆಯ ತರುವಾಯ ಮಾಡಿದ ತಿದ್ದುಪಡಿಯನ್ನು ಸೂಚಿಸುತ್ತದೆ, ಆದ್ದರಿಂದ ಹೊಸದು. ಡೆಬಿಯನ್‌ನಲ್ಲಿ ಅದು 1.0.0ಕ್ಕೆ ಡೆಬಿಯನ್ನಿನವರೇ ಮಾಡಿದ ಒಂದನೆಯ ಪರಿಷ್ಕರಣ. ಡೆಬಿಯನ್‌ನಲ್ಲಿ ‘ಮುಂಚಿನದು’ ಎಂದು ಹೇಳಬೇಕಾದರೆ ಟಿಲ್ಡೆಯ ಚಿಹ್ನೆ, ಎಂದರೆ ‘~’ ಎಂಬುದನ್ನು, ಬಳಸುತ್ತಾರೆ. ಎನ್‌ಪಿಎಂನಲ್ಲಿ ಆ ಟಿಲ್ಡೆಗೆ ‘ಸುಮಾರು ಇಷ್ಟು’ ಎಂಬ ಬೇರೆಯೇ ಅರ್ಥ: ~1.2.3 ಎಂದರೆ 1.2.3ರಿಂದ ಮೊದಲುಗೊಂಡು 1.3.0ರ ಒಳಗೆ ಯಾವುದಾದರೂ ಸರಿ.

ಯಾವ ಚಿಹ್ನೆಯನ್ನೂ ಬಳಸದೆ ಬರಿಯ 1.2.3 ಎಂದು ಬರೆದರೆ ಗೊಂದಲ ತಪ್ಪೀತೆ? ಅದೂ ಇಲ್ಲ. ಎನ್‌ಪಿಎಂ ಅದನ್ನು ‘ಸರಿಯಾಗಿ 1.2.3, ಬೇರಾವುದೂ ಕೂಡದು’ ಎಂದು ಓದುತ್ತದೆ. ಕಾರ್ಗೋ ‘1.2.3 ಅಥವಾ ಅದಕ್ಕಿಂತ ಹೊಸದು, ಆದರೆ 2.0.0ರ ಒಳಗೆ’ ಎಂದು ಓದುತ್ತದೆ. ಮೈಕ್ರೊಸಾಫ್ಟಿನವರ ನ್ಯೂಗೆಟ್ ‘1.2.3 ಅಥವಾ ಅದಕ್ಕಿಂತ ಹೊಸದು ಯಾವುದಾದರೂ’ ಎಂದು ಓದುತ್ತದೆ. ಬೆಳಿಗ್ಗೆ ಒಂದು ಭಾಷೆಯಲ್ಲಿ, ಸಂಜೆ ಇನ್ನೊಂದರಲ್ಲಿ ಕೆಲಸಮಾಡುವ ಬೆಂಗಳೂರಿನ ತರುಣನೊಬ್ಬನು ಒಂದೇ ಸಾಲಿನಿಂದ ಒಂದು ಕಡೆ ಬಾಗಿಲಿಗೆ ಬೀಗ ಹಾಕಿ, ಇನ್ನೊಂದು ಕಡೆ ಅದನ್ನು ಹಾರುಹೊಡೆದಿರುತ್ತಾನೆ.

ಒಂದೇ ಭಾಷೆಯ ಒಳಗೂ ವಿಸ್ಮಯಗಳಿಲ್ಲದಿಲ್ಲ. ಪೈಥಾನಿನಲ್ಲಿ 2.2 ಮತ್ತು 2.2.0 ಸಮಾನ, ಹೋಲಿಸಿ ನೋಡಿದರೆ ಒಂದೇ ಆವೃತ್ತಿ. ಆದರೆ ‘ಇದಕ್ಕೆ ಹೊಂದುವಂಥದು’ ಎಂಬರ್ಥದ ~= ಚಿಹ್ನೆಯನ್ನು ಮುಂದಿಟ್ಟೊಡನೆ ಅವು ಸಮಾನವಲ್ಲ. ~=2.2 ಎಂದರೆ 2.2ರಿಂದ ಮೇಲೆ 3ರ ಒಳಗೆ; ~=2.2.0 ಎಂದರೆ 2.2.0ರಿಂದ ಮೇಲೆ 2.3ರ ಒಳಗೆ. ಬೆಲೆಯಿಲ್ಲದ ಸೊನ್ನೆಯೊಂದು ಹೊಸ ಆವೃತ್ತಿಗಳ ಒಂದು ದೊಡ್ಡ ಸಮೂಹವನ್ನೇ ಹೊರಗಿಟ್ಟಿತು. ಇಲ್ಲಿ ನಿಯಮವು ಬರೆದಿಟ್ಟದ್ದೇ ಆಗಿದೆ, ನಿಜ. ಆದರೂ ಸಮಾನವೆಂದು ತಾನೇ ಸಾರಿದ ಎರಡು ವಸ್ತುಗಳಿಗೆ ಭಿನ್ನ ಫಲವನ್ನು ಕೊಡುವ ವ್ಯಾಕರಣವನ್ನು ನಾವು ಒಳ್ಳೆಯ ವ್ಯಾಕರಣವೆಂದು ಒಪ್ಪಲಾರೆವು. ರೂಬಿ ಭಾಷೆಯ ಇಂಥದೇ ಚಿಹ್ನೆಗೂ ಈ ಮಾತು ಅನ್ವಯಿಸುತ್ತದೆ.

ಯಂತ್ರದ ಊಹೆಗೆ ನಮಗೆ ತಿಳಿದ ಅತ್ಯಂತ ಕುತೂಹಲಕರವಾದ ನಿದರ್ಶನವು ಪ್ಯಾಕೇಜ್ ಮ್ಯಾನೇಜರಿನದೇ ಅಲ್ಲ. ಅದರ ಬಾಗಿಲಲ್ಲಿ ಕುಳಿತಿರುವ ಇನ್ನೊಬ್ಬ ಓದುಗನದು. ಲಿನಕ್ಸ್ ಯಂತ್ರಗಳಲ್ಲಿ ನಾವು ಟೈಪುಮಾಡಿದ ಆಜ್ಞೆಯನ್ನು ಮೊದಲು ಓದುವುದು ಬ್ಯಾಷ್ ಎಂಬ ಮಧ್ಯವರ್ತಿ. ‘ಪಿಪ್ ಇನ್‌ಸ್ಟಾಲ್ ರಿಕ್ವೆಸ್ಟ್ಸ್>=2.0’ ಎಂದು ಉದ್ಧರಣ ಚಿಹ್ನೆಗಳಿಲ್ಲದೆ ಬರೆದರೆ, ‘>’ ಎಂಬುದು ಬ್ಯಾಷ್‌ಗೆ ‘ಹೆಚ್ಚು’ ಎಂಬ ಗಣಿತದ ಚಿಹ್ನೆಯಲ್ಲ. ‘ಇಲ್ಲಿ ಬರುವ ಉತ್ತರವನ್ನೆಲ್ಲ ಮುಂದೆ ಹೇಳಿದ ಕಡತದಲ್ಲಿ ಬರೆ’ ಎಂಬ ಆಜ್ಞೆ. ಆದ್ದರಿಂದ ಅದು ‘=2.0’ ಎಂಬ ವಿಚಿತ್ರ ಹೆಸರಿನ ಕಡತವೊಂದನ್ನು ಸೃಷ್ಟಿಸಿ, ಪಿಪ್‌ಗೆ ‘ರಿಕ್ವೆಸ್ಟ್ಸ್’ ಎಂಬ ಬರಿಯ ಹೆಸರನ್ನು ಮಾತ್ರ ಒಪ್ಪಿಸುತ್ತದೆ. ಯಂತ್ರದಲ್ಲಿ 1.0 ಕಾಲದ ಹಳೆಯ ಪ್ಯಾಕೇಜು ಮೊದಲೇ ಇದ್ದಲ್ಲಿ, ನಿಬಂಧನೆಯನ್ನೇ ಕಾಣದ ಪಿಪ್ ‘ಬೇಕಾದುದು ಇದ್ದೇ ಇದೆ’ ಎಂದು ಸುಮ್ಮನಾಗುತ್ತದೆ. ಆ ಉತ್ತರವೂ ಕಡತದೊಳಗೆ ಸೇರಿಹೋಗುವುದರಿಂದ ಪರದೆಯ ಮೇಲೆ ಏನೂ ಕಾಣದು. ಆಜ್ಞೆ ಕೊಟ್ಟವನು ಎಲ್ಲವೂ ನೆರವೇರಿತೆಂದು ತಿಳಿದು ಎದ್ದುಹೋಗುತ್ತಾನೆ. ಇದೇ ಸಾಲಿನಲ್ಲಿ ‘<2’ ಎಂದು ಬರೆದಿದ್ದರೆ, ಓದಲು ‘2’ ಎಂಬ ಕಡತವಿಲ್ಲವೆಂದು ಬ್ಯಾಷ್ ಕೂಡಲೇ ಆಕ್ಷೇಪಿಸುತ್ತಿತ್ತು. ತಪ್ಪು ಅಲ್ಲಿಯೇ ತಿಳಿಯುತ್ತಿತ್ತು. ಒಂದೇ ಬಗೆಯ ಎರಡು ತಪ್ಪುಗಳಲ್ಲಿ ಒಂದು ಗದರಿಸಿಕೊಂಡು ತಿದ್ದಿಕೊಳ್ಳುತ್ತದೆ, ಇನ್ನೊಂದು ಮೌನವಾಗಿ ತಿಂಗಳುಗಟ್ಟಲೆ ಉಳಿಯುತ್ತದೆ. ಯಂತ್ರದ ಸೌಜನ್ಯಕ್ಕಿಂತ ಯಂತ್ರದ ಗದರಿಕೆ ಎಷ್ಟು ಹಿತಕಾರಿ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಇಷ್ಟೂ ಕೇವಲ ಪ್ರಮಾದಗಳ ಮಾತಾಯಿತು. ದುರುದ್ದೇಶದಿಂದ ಕೂಡಿದವರು ಈ ಬಿರುಕುಗಳನ್ನು ಕಾಣದೆ ಹೋಗಿಲ್ಲ. ಎನ್‌ಪಿಎಂನ ಉಗ್ರಾಣದಲ್ಲಿ ‘ಕ್ರಾಸ್-ಎನ್ವ್’ ಎಂಬ ಜನಪ್ರಿಯ ಪ್ಯಾಕೇಜಿದೆ. 2017ರಲ್ಲಿ ಯಾರೋ ಅಡ್ಡಗೆರೆಯಿಲ್ಲದ ‘ಕ್ರಾಸ್ಎನ್ವ್’ ಎಂಬುದನ್ನು ಅಲ್ಲಿ ಇರಿಸಿದ್ದು ಪತ್ತೆಯಾಯಿತು. ಅದನ್ನು ತರಿಸಿದವರ ಯಂತ್ರದಲ್ಲಿನ ಗುಪ್ತ ಸಂಕೇತಗಳನ್ನು ಅದು ಕದ್ದು ಸಾಗಿಸುತ್ತಿತ್ತು. ಆ ವರ್ಷದ ಕೊನೆಗೆ, ಇರುವ ಹೆಸರಿಗಿಂತ ಬರಿಯ ವಿರಾಮಚಿಹ್ನೆಗಳಲ್ಲಿ ಭಿನ್ನವಾದ ಹೊಸ ಹೆಸರಿಗೆ ಎನ್‌ಪಿಎಂ ಅವಕಾಶವನ್ನು ನಿರಾಕರಿಸಿತು. ಪೈಥಾನಿನವರು 2015ರಷ್ಟು ಹಿಂದೆಯೇ 503ನೆಯ ಪೆಪ್ ಮೂಲಕ ಇದಕ್ಕೊಂದು ನಿಯಮವನ್ನು ಬರೆದಿದ್ದರು: ಹೆಸರಿನಲ್ಲಿ ಅಡ್ಡಗೆರೆ, ಅಡಿಗೆರೆ, ಚುಕ್ಕೆ ಯಾವುದಿದ್ದರೂ, ಎಷ್ಟಿದ್ದರೂ, ಒಂದೇ ಅಡ್ಡಗೆರೆಯೆಂದು ಎಣಿಸತಕ್ಕದ್ದು, ಲ್ಯಾಟಿನ್ ಲಿಪಿಯ ದೊಡ್ಡಕ್ಷರ ಚಿಕ್ಕಕ್ಷರಗಳಲ್ಲಿ ಭೇದವೆಣಿಸತಕ್ಕದ್ದಲ್ಲ. ಇದು ಔದಾರ್ಯವಲ್ಲವೆ, ನೀವು ಬೇಡವೆನ್ನುವ ಸಡಿಲಿಕೆಯಲ್ಲವೆ ಎಂದು ವಾಚಕರು ಕೇಳಬಹುದು. ಅಲ್ಲ. ಹಲವು ಬರವಣಿಗೆಗಳಿಗೆ ಒಂದೇ ಅರ್ಥವೆಂದು ಎಲ್ಲರಿಗೂ ತಿಳಿಯುವಂತೆ ಗೊತ್ತುಮಾಡುವುದು ನಿಯಮ. ಒಂದೇ ಬರವಣಿಗೆಗೆ ಹಲವು ಅರ್ಥಗಳಿರುವಾಗ ಯಂತ್ರವು ತನ್ನೊಳಗೇ ಒಂದನ್ನು ಆರಿಸಿಕೊಳ್ಳುವುದು ಊಹೆ. ನಮ್ಮ ಆಕ್ಷೇಪವೆಲ್ಲ ಎರಡನೆಯದಕ್ಕೆ.

2021ರ ಫೆಬ್ರುವರಿಯಲ್ಲಿ ಅಲೆಕ್ಸ್ ಬಿರ್ಸನ್ ಎಂಬ ಸಂಶೋಧಕರು ಪ್ರಕಟಿಸಿದ ಸಂಗತಿಯು ಇನ್ನೂ ಗಂಭೀರವಾದುದು. ದೊಡ್ಡ ಸಂಸ್ಥೆಗಳು ತಮ್ಮ ಒಳಬಳಕೆಗೆಂದೇ ಕೆಲವು ಪ್ಯಾಕೇಜುಗಳನ್ನು ಬರೆದು ಸ್ವಂತ ಉಗ್ರಾಣದಲ್ಲಿ ಇರಿಸಿಕೊಳ್ಳುತ್ತವೆ. ಅದೇ ಹೆಸರಿನ ಪ್ಯಾಕೇಜನ್ನು ಸಾರ್ವಜನಿಕ ಉಗ್ರಾಣದಲ್ಲಿ ಬಹು ದೊಡ್ಡ ಆವೃತ್ತಿಸಂಖ್ಯೆಯೊಡನೆ ಇರಿಸಿದರೆ ಏನಾದೀತು? ಚೀಟಿಯಲ್ಲಿ ಯಾವ ಉಗ್ರಾಣವೆಂದು ಬರೆದಿರುವುದಿಲ್ಲ. ಬರಿಯ ಹೆಸರು ಮಾತ್ರ. ಎರಡೂ ಕಡೆ ನೋಡಿದ ಮ್ಯಾನೇಜರ್, ದೊಡ್ಡ ಸಂಖ್ಯೆಯೇ ಹೊಸದು, ಹೊಸದೇ ಒಳ್ಳೆಯದು ಎಂದು ಊಹಿಸಿ, ಹೊರಗಿನದನ್ನು ಒಳಗೆ ತಂದಿತು. ಬಿರ್ಸನ್ ಅವರು ಯಾರಿಗೂ ಹಾನಿಮಾಡದೆ, ಬಂದು ತಲುಪಿದ ಸುದ್ದಿಯನ್ನಷ್ಟೇ ತಿಳಿಸುವ ಪ್ಯಾಕೇಜುಗಳಿಂದ ಈ ಪ್ರಯೋಗ ಮಾಡಿದರು. 35ಕ್ಕೂ ಹೆಚ್ಚು ಸಂಸ್ಥೆಗಳ ಒಳಗೆ ಅವು ಪ್ರವೇಶಿಸಿದುವು. ಆಪಲ್, ಮೈಕ್ರೊಸಾಫ್ಟ್‌ಗಳೂ ಅವುಗಳಲ್ಲಿ ಸೇರಿದ್ದುವು. ಇಲ್ಲಿ ಯಾವ ಬೀಗವನ್ನೂ ಮುರಿಯಲಿಲ್ಲ. ಅಪೂರ್ಣವಾದ ಒಂದು ಹೆಸರನ್ನು ಯಂತ್ರವು ತನ್ನ ಇಚ್ಛೆಯಂತೆ ಪೂರ್ಣಗೊಳಿಸಿಕೊಂಡಿತು, ಅಷ್ಟೇ.

ಈಚೆಗೆ ಇದಕ್ಕೊಂದು ಹೊಸ ಮುಖ ಬಂದಿದೆ. ಕೃತಕ ಬುದ್ಧಿಯ ತಂತ್ರಾಂಶಗಳಿಂದ ಬರೆಸಿದ ಕಾರ್ಯಕ್ರಮಗಳಲ್ಲಿ, ಕೇಳಲು ಸಹಜವಾಗಿರುವ, ಆದರೆ ಎಲ್ಲಿಯೂ ಇಲ್ಲದ ಪ್ಯಾಕೇಜುಗಳ ಹೆಸರುಗಳು ಕಾಣಿಸಿಕೊಳ್ಳುತ್ತವೆ. ಅಂಥ ಹೆಸರನ್ನು ಮುಂಚಿತವಾಗಿ ವಶಪಡಿಸಿಕೊಂಡು ಹೊಂಚುಹಾಕುವುದು ಏನೂ ಕಷ್ಟವಲ್ಲ. ಬರೆಯುವವನೂ ಊಹಿಸಿ ಓದುವವನೂ ಊಹಿಸಿದರೆ ನಡುವೆ ಕಾವಲು ಯಾರು?

ಈಗ ಎದುರು ಪಕ್ಷದ ಮಾತು. 1980ರಲ್ಲಿ ಇಂಟರ್ನೆಟ್ಟಿನ ಮೂಲ ನಿಯಮಗಳನ್ನು ಬರೆಯುವಾಗ ಜಾನ್ ಪೋಸ್ಟೆಲ್ ಅವರು ಒಂದು ತತ್ತ್ವವನ್ನು ಮುಂದಿಟ್ಟರು: ಕಳುಹಿಸುವವನು ನಿಯಮವನ್ನು ಬಿಗಿಯಾಗಿ ಪಾಲಿಸಲಿ, ಸ್ವೀಕರಿಸುವವನು ಉದಾರನಾಗಿರಲಿ. ಒಬ್ಬರನ್ನೊಬ್ಬರು ಕಾಣದ ಅನೇಕ ತಂಡಗಳ ಯಂತ್ರಗಳು ಮೊದಲ ಬಾರಿಗೆ ಪರಸ್ಪರ ಮಾತನಾಡಬೇಕಾಗಿದ್ದ ಆ ಕಾಲದಲ್ಲಿ ಈ ಔದಾರ್ಯವು ಮಾಡಿದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಪ್ಯಾಕೇಜುಗಳ ಲೋಕವೂ ಇದೇ ಗಾಳಿಯಲ್ಲಿ ಬೆಳೆಯಿತು. ಹೊಸಬನು ಅರೆಬರೆಯಾಗಿ ಬರೆದರೂ ಕೆಲಸ ನಡೆಯಲಿ, ಬೇಸತ್ತು ಓಡಿಹೋಗದಿರಲಿ ಎಂಬುದು ಅದರ ಹಿಂದಿದ್ದ ಸದ್ಭಾವನೆ.

ಆದರೆ ಉದಾರನಾದ ಸ್ವೀಕಾರಕನು ಕಾಲಕ್ರಮದಲ್ಲಿ ಏನು ಮಾಡುತ್ತಾನೆ? ತಪ್ಪು ಬರವಣಿಗೆಗೆ ಶಿಕ್ಷೆಯಿಲ್ಲದ್ದರಿಂದ ಅದು ಹರಡುತ್ತದೆ. ಹರಡಿದ ಮೇಲೆ ಅದೇ ರೂಢಿಯಾಗುತ್ತದೆ. ಅನಂತರ ಹುಟ್ಟುವ ಪ್ರತಿಯೊಂದು ತಂತ್ರಾಂಶವೂ ಆ ತಪ್ಪನ್ನು ಅದೇ ರೀತಿಯಲ್ಲಿ ಓದಬೇಕಾದ ಕಟ್ಟಿಗೆ ಬೀಳುತ್ತದೆ. ಇಂಟರ್ನೆಟ್ಟಿನ ವಾಸ್ತುಮಂಡಲಿಯೇ 2023ರಲ್ಲಿ ಹೊರತಂದ ಲೇಖನವೊಂದರಲ್ಲಿ, ಈ ತತ್ತ್ವವನ್ನು ಸಡಿಲವಾಗಿ ಅನ್ವಯಿಸಿದ್ದರಿಂದ ನಿಯಮಗಳು ಹೇಗೆ ಕೊಳೆಯುತ್ತ ಹೋದುವೆಂಬುದನ್ನು ವಿವರವಾಗಿ ಚರ್ಚಿಸಿತು. ನಮ್ಮ ವಿಷಯದಲ್ಲಿಯೇ ಒಂದು ಉದಾಹರಣೆ ಕೊಡಬಹುದು. ‘>=1.9.*’ ಎಂದು ಬರೆಯಲು ಪೈಥಾನಿನ ನಿಯಮದಲ್ಲಿ ಅವಕಾಶವಿಲ್ಲ. ನಕ್ಷತ್ರ ಚಿಹ್ನೆಯು ‘ಸಮ’ ಮತ್ತು ‘ಅಸಮ’ಗಳ ಜೊತೆಯಲ್ಲಿ ಮಾತ್ರ ಬರಬಹುದು. ಆದರೂ ಹಳೆಯ ಪಿಪ್ ಇದನ್ನು ನುಂಗಿಕೊಳ್ಳುತ್ತಿತ್ತು. ಹತ್ತು ವರ್ಷಗಳ ತರುವಾಯ, 2024ರಲ್ಲಿ, ಪಿಪ್‌ನ 24.1 ಆವೃತ್ತಿಯು ಇನ್ನು ಇದನ್ನು ಓದಲಾರೆನೆಂದು ನಿರಾಕರಿಸಿತು. ಅಷ್ಟರಲ್ಲಿ ಹೀಗೆ ಬರೆದ ಪ್ಯಾಕೇಜುಗಳು ಉಗ್ರಾಣದಲ್ಲಿ ಸೇರಿಹೋಗಿದ್ದುವು. ಪ್ರಕಟವಾದ ಆವೃತ್ತಿಯನ್ನು ಅಲ್ಲಿ ತಿದ್ದುವಂತಿಲ್ಲ. ಅವನ್ನು ನೆಚ್ಚಿದ್ದವರು ಹಳೆಯ ಪಿಪ್‌ಗೆ ಹಿಂದಿರುಗಬೇಕು, ಇಲ್ಲವೆ ಪ್ಯಾಕೇಜನ್ನೇ ಬದಲಾಯಿಸಬೇಕು. ಬಿಗಿಯಾದ ಓದುವಿಕೆಯ ಕ್ರೌರ್ಯವೆಂದು ಕೆಲವರು ಇದನ್ನು ತೋರಿಸುತ್ತಾರೆ. ನಮಗೆ ತೋರುವುದು ಬೇರೆ. ಮೊದಲನೆಯ ದಿನವೇ ಒಬ್ಬ ಲೇಖಕನಿಗೆ ‘ಇದು ಸರಿಯಲ್ಲ’ ಎಂದಿದ್ದರೆ ಒಂದು ನಿಮಿಷದಲ್ಲಿ ತೀರುತ್ತಿದ್ದ ಸಾಲವು, ಬಡ್ಡಿ ಬೆಳೆದು, ಅದನ್ನು ಮಾಡದವರ ತಲೆಯ ಮೇಲೆ ಬಂದಿತು.

ನಿರಾಕರಿಸುವುದೆಂದರೆ ಒರಟಾಗಿ ನಿರಾಕರಿಸುವುದೆಂದೇನೂ ಅಲ್ಲ. ‘ಸಾಲು ತಪ್ಪು’ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವ ಯಂತ್ರವನ್ನು ನಾವು ಸಮರ್ಥಿಸುವುದಿಲ್ಲ. ಎಷ್ಟನೆಯ ಅಕ್ಷರದಲ್ಲಿ ಸಂಶಯ ಬಂತು, ಯಾವ ಎರಡು ಅರ್ಥಗಳು ಸಾಧ್ಯ, ಹೇಗೆ ಬರೆದರೆ ಯಾವುದು ಆಗುತ್ತದೆ ಎಂಬುದನ್ನು ತಿಳಿಸುವುದು ಅಷ್ಟೇನೂ ದುಸ್ಸಾಧ್ಯವಲ್ಲ. ಚೀಟಿ ತಂದ ಹುಡುಗನನ್ನು ಕೇಳುವ ಅಂಗಡಿಯವನ ಆ ಒಂದು ಗುಣವನ್ನು ಮಾತ್ರ ಯಂತ್ರವು ಕಲಿಯಬೇಕಾಗಿದೆ.

ಬಿಗಿಯಾಗಿ ಓದಿದ ಮಾತ್ರಕ್ಕೆ ಎಲ್ಲವೂ ಕ್ಷೇಮವೆಂದು ಯಾರೂ ಭಾವಿಸಬೇಕಾಗಿಲ್ಲ. ಸಂಖ್ಯೆಯ ಅರ್ಥ ಸ್ಪಷ್ಟವಾದರೂ ಅದು ಬರೆದವನು ಕೊಟ್ಟ ಮಾತೇ ಹೊರತು ಸಾಕ್ಷ್ಯವಲ್ಲ. 2022ರ ಜನವರಿಯಲ್ಲಿ ‘ಕಲರ್ಸ್’ ಎಂಬ ಜಾವಾಸ್ಕ್ರಿಪ್ಟ್ ಪ್ಯಾಕೇಜಿನ ಲೇಖಕನೇ ಅದರೊಳಗೆ ಎಂದಿಗೂ ಮುಗಿಯದ ಆವರ್ತವೊಂದನ್ನು ಸೇರಿಸಿ, ಸಣ್ಣ ತಿದ್ದುಪಡಿಯೆಂಬಂತೆ 1.4ರ ಮಾಲೆಯಲ್ಲಿಯೇ ಹೊರತಂದನು. ‘1.4ಕ್ಕೆ ಹೊಂದುವ ಹೊಸದು ಯಾವುದಾದರೂ ಸರಿ’ ಎಂದು ಬರೆದಿದ್ದವರಿಗೆಲ್ಲ ಅದು ತಾನಾಗಿಯೇ ಬಂದು ಸೇರಿತು. ಇಂಥದಕ್ಕೆ ಬೇರೆ ಮದ್ದುಂಟು. ಒಮ್ಮೆ ಆರಿಸಿದ ಪ್ಯಾಕೇಜುಗಳ ಹೆಸರು, ಸರಿಯಾದ ಆವೃತ್ತಿ ಮತ್ತು ಕಡತದ ಗಣಿತಮುದ್ರೆಯನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟು, ಮುಂದೆ ಅದರಂತೆಯೇ ತರಿಸುವುದು. ರಸ್ಟ್, ಜಾವಾಸ್ಕ್ರಿಪ್ಟ್ ಸಂಪ್ರದಾಯಗಳಲ್ಲಿ ಇಂಥ ಪಟ್ಟಿ ವರ್ಷಗಳಿಂದ ರೂಢಿಯಲ್ಲಿದೆ. ಪೈಥಾನಿಗೆ ಎಲ್ಲ ಉಪಕರಣಗಳೂ ಒಪ್ಪುವ ಇಂಥ ಪಟ್ಟಿಯ ಮಾದರಿ 2025ರಲ್ಲಿ ಅಂಗೀಕೃತವಾಯಿತು. ಆ ಪಟ್ಟಿಯಲ್ಲಿ ‘ಸುಮಾರು’ ಎಂಬುದಕ್ಕೆ ಸ್ಥಳವೇ ಇಲ್ಲವೆಂಬುದನ್ನು ಗಮನಿಸಬೇಕು.

ಕೊನೆಯದಾಗಿ, ನಮ್ಮ ಲಿಪಿಗೆ ಸಂಬಂಧಿಸಿದ ಒಂದು ಮಾತು. ಪೈಥಾನಿನ ಉಗ್ರಾಣದಲ್ಲಿ ಪ್ಯಾಕೇಜಿಗೆ ಕನ್ನಡ ಅಕ್ಷರಗಳಲ್ಲಿ ಹೆಸರಿಡುವಂತಿಲ್ಲ. ಲ್ಯಾಟಿನ್ ಅಕ್ಷರ, ಅಂಕಿ ಮತ್ತು ಮೂರು ಚಿಹ್ನೆಗಳಿಗೆ ಮಾತ್ರ ಅವಕಾಶ. ಕನ್ನಡಾಭಿಮಾನಿಗಳಿಗೆ ಇದು ಹಿತವೆನಿಸದು, ನಮಗೂ ಹಿತವಿಲ್ಲ. ಆದರೆ ಇಂದಿನ ಸ್ಥಿತಿಯಲ್ಲಿ ಬಾಗಿಲನ್ನು ಸುಮ್ಮನೆ ತೆರೆದುಬಿಡಬೇಕೆಂದು ನಾವು ಕೇಳುವುದಿಲ್ಲ. ನಮ್ಮ ಅನುಸ್ವಾರವೂ ನಮ್ಮ ಅಂಕಿಗಳಲ್ಲಿನ ಸೊನ್ನೆಯೂ ನೋಡುವ ಕಣ್ಣಿಗೆ ಒಂದೇ. ಯಂತ್ರಕ್ಕೆ ಬೇರೆ ಬೇರೆ. ‘ಅಂಕ’ ಎಂದೂ ‘ಅ೦ಕ’ ಎಂದೂ ಟೈಪುಮಾಡಿದವು ಅಚ್ಚಿನಲ್ಲಿ ಒಂದೇ ಹೆಸರಾಗಿ ಕಾಣುತ್ತವೆ, ಉಗ್ರಾಣದಲ್ಲಿ ಎರಡು ಪ್ಯಾಕೇಜುಗಳಾಗುತ್ತವೆ. ‘ಕೋ’ ಎಂಬುದನ್ನು ಒಂದೇ ಸ್ವರಚಿಹ್ನೆಯಿಂದಲೂ ಬರೆಯಬಹುದು, ಬಿಡಿ ಬಿಡಿಯಾದ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಒತ್ತಕ್ಷರಗಳನ್ನು ಕೂಡಿಸಲು ಬಿಡಿಸಲು ಬಳಸುವ ಅಗೋಚರ ಸಂಕೇತಗಳು ಹೆಸರಿನ ಕೊನೆಯಲ್ಲಿ ಕುಳಿತರೆ ಯಾರ ಕಣ್ಣಿಗೂ ಬೀಳವು. ಜಾಲದ ವಿಳಾಸಗಳಲ್ಲಿ ‘.ಭಾರತ’ ಎಂದು ಕನ್ನಡದಲ್ಲಿಯೇ ಬರೆಯಲು ಈಗ ಸಾಧ್ಯವಾಗಿದೆ; ಮೂಲವಲಯದ ಹೆಸರುಗಳಲ್ಲಿ ಯಾವ ಅಕ್ಷರ ಬರಬಹುದು, ಯಾವುದು ಕೂಡದು ಎಂಬುದನ್ನೂ ಕನ್ನಡ ಲಿಪಿಗೆಂದೇ ಕುಳಿತು ಗೊತ್ತುಮಾಡಿದ್ದಾರೆ. ಅಗೋಚರ ಸಂಕೇತಗಳನ್ನು ಅಲ್ಲಿ ನಿಷೇಧಿಸಲಾಗಿದೆ. ಪ್ಯಾಕೇಜುಗಳಿಗೂ ಅಂಥ ಕೆಲಸ ಮೊದಲು ನಡೆಯಲಿ. ನಮ್ಮ ಭಾಷಾಶಾಸ್ತ್ರಜ್ಞರೂ ತಂತ್ರಾಂಶದವರೂ ಕೂಡಿ ಮಾಡಬೇಕಾದ ಕೆಲಸವದು.

ಅಂಕಿಗಳ ವಿಷಯದಲ್ಲಿ ಮಾತ್ರ ಅಪಾಯವು ಈಗಾಗಲೇ ಮನೆಯೊಳಗಿದೆ. ಪೈಥಾನಿನಲ್ಲಿ ‘ಯಾವುದಾದರೂ ಒಂದು ಅಂಕಿ’ ಎಂದು ಹುಡುಕಲು ಬಳಸುವ ಸಂಕೇತವು ಕನ್ನಡದ ಅಂಕಿಗಳನ್ನೂ ಒಪ್ಪುತ್ತದೆ. ‘೧೨’ ಎಂಬುದನ್ನು ಆ ಭಾಷೆಯು ತಡವಿಲ್ಲದೆ 12 ಎಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆವೃತ್ತಿಗಳ ಅಧಿಕೃತ ವ್ಯಾಕರಣವಾದರೋ 0ಯಿಂದ 9ರ ವರೆಗಿನ ಲಿಪಿರೂಪಗಳನ್ನು ಮಾತ್ರ ಅಂಗೀಕರಿಸುತ್ತದೆ. ವ್ಯಾಕರಣವನ್ನು ನೋಡದೆ ತಾನೇ ಒಂದು ಓದುವ ತಂತ್ರಾಂಶವನ್ನು ಬರೆದುಕೊಂಡವನಿಗೆ ‘೧.೨’ ಎಂಬುದು 1.2 ಆಗಿ ಕಾಣುತ್ತದೆ. ಅದೇ ಚೀಟಿಯನ್ನು ಪಿಪ್‌ಗೆ ಕೊಟ್ಟರೆ ಅದು ಓದಲು ಒಪ್ಪದೆ ಹಿಂದಿರುಗಿಸುತ್ತದೆ.